ಗಾಳ ಆಮೇಲೆ, ಮೊದಲು ಕಲ್ಲು ಎತ್ತಿ

ಬೆಟ್ಟದ ತೊರೆಯಲ್ಲಿ ನೀರು ಕಲ್ಲುಗಳ ಮೇಲೆ ರಭಸವಾಗಿ ಹರಿಯುವ ಕಡೆ ಒಂದು ಅಂಗೈಯಗಲದ ಕಲ್ಲನ್ನು ಎತ್ತಿ ಮಗುಚಿ ನೋಡಿ. ಮೊದಲಿಗೆ ಏನೂ ಕಾಣುವುದಿಲ್ಲ. ಒಂದಿಷ್ಟು ಪಾಚಿ, ಒಂದಿಷ್ಟು ಮರಳು, ಅಷ್ಟೇ. ಅರ್ಧ ನಿಮಿಷ ಸುಮ್ನೆ ಕಾಯಿರಿ. ಪಾಚಿ ಅಂದುಕೊಂಡಿದ್ದು ಕಾಲು ಬಿಚ್ಚಿ ನಡೆಯಲು ಶುರು ಮಾಡುತ್ತದೆ. ಮರಳಿನ ಉಂಡೆ ಅಂದುಕೊಂಡಿದ್ದರಿಂದ ಒಂದು ಪುಟ್ಟ ತಲೆ ಹೊರಗೆ ಇಣುಕುತ್ತದೆ.

ಮಕ್ಕಳಿಗೆ ಫ್ಲೈ ಫಿಶಿಂಗ್ ಕಲಿಸುವವರು ಗಾಳದ ಕಡ್ಡಿ ಕೈಗೆ ಕೊಡುವ ಮೊದಲು ಇದನ್ನು ಮಾಡಿಸಬೇಕು ಅನ್ನೋದು ನನ್ನ ವಾದ. ತೊರೆ ಉಳಿಸುವ ಕೆಲಸಕ್ಕೆ ಸ್ವಯಂಸೇವಕರಾಗಿ ಬರುವ ದೊಡ್ಡವರಿಗೂ ಇದೇ ಮೊದಲ ಪಾಠವಾದರೆ ಒಳ್ಳೆಯದು. ಮೀನು ಹಿಡಿಯುವುದು ಬೇರೆ, ತೊರೆ ಕಾಯುವುದು ಬೇರೆ ಅನಿಸಬಹುದು. ಆದರೆ ಎರಡೂ ಕೆಲಸ ಶುರುವಾಗುವುದು ಒಂದೇ ಪ್ರಶ್ನೆಯಿಂದ: ಈ ನೀರಿನಲ್ಲಿ ಯಾರ್ಯಾರು ಬದುಕಿದ್ದಾರೆ?

ಮಾಮೂಲಿ ಗಾಳದಲ್ಲಿ ಕೊಕ್ಕೆಗೆ ಎರೆಹುಳು ಸಿಕ್ಕಿಸುತ್ತಾರೆ, ಜೊತೆಗೆ ಒಂದು ಸೀಸದ ಗುಂಡು. ಆ ತೂಕ ದಾರವನ್ನು ಎಳೆದುಕೊಂಡು ಹೋಗಿ ನೀರಿಗೆ ಬೀಳುತ್ತದೆ. ಫ್ಲೈ ಫಿಶಿಂಗಿನಲ್ಲಿ ಇದು ತಿರುವುಮುರುವು. ಇಲ್ಲಿ ಫ್ಲೈ ಅಂದರೆ ಪುಕ್ಕ, ಕೂದಲು, ನೂಲು ಸುತ್ತಿ ಮಾಡಿದ ಕೃತಕ ಹುಳು. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಎಸೆದರೆ ಎದುರಿಗೇ ಬೀಳುತ್ತದೆ. ಆದ್ದರಿಂದ ತೂಕವನ್ನು ದಾರಕ್ಕೆ ಕೊಟ್ಟಿದ್ದಾರೆ. ದಪ್ಪಗೆ ಇದ್ದು ತುದಿಗೆ ಬರುತ್ತಾ ಸಣ್ಣಗಾಗುವ ದಾರ ಅದು, ಚಾಟಿಯ ಹಾಗೆ. ಬಾಗಿದ ಕಡ್ಡಿ ನೆಟ್ಟಗಾಗುವಾಗ ಅದರ ಶಕ್ತಿ ದಾರಕ್ಕೆ ಹೋಗುತ್ತದೆ. ದಾರ ಗಾಳಿಯಲ್ಲಿ ಮಡಿಕೆ ಬಿಚ್ಚುತ್ತಾ ಮುಂದೆ ಹೋಗಿ ಹುಳುವನ್ನು ಮೆಲ್ಲಗೆ ನೀರಿನ ಮೇಲೆ ಇಳಿಸುತ್ತದೆ. ಹೊಸ ಆಟವೇನೂ ಅಲ್ಲ. ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಪುಕ್ಕ ಕಟ್ಟಿ ಮೀನು ಹಿಡಿಯುತ್ತಿದ್ದರು ಎಂದು ಸುಮಾರು 1800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ಬೀಸುವುದನ್ನು ಹುಡುಗರು ಬೇಗ ಕಲಿಯುತ್ತಾರೆ. ಕಷ್ಟ ಇರುವುದು ಬೇರೆ ಕಡೆ. ತಣ್ಣೀರಿನ ತೊರೆಗಳಲ್ಲಿ ಬದುಕುವ ಟ್ರೌಟ್ ಮೀನು ಒಮ್ಮೊಮ್ಮೆ ಒಂದೇ ಜಾತಿಯ ಹುಳುವನ್ನು ಮಾತ್ರ ತಿನ್ನುತ್ತಾ ಕೂತಿರುತ್ತದೆ. ನೀವು ಕಟ್ಟಿದ ಹುಳುವಿನ ಗಾತ್ರ, ಬಣ್ಣ, ತೇಲುವ ರೀತಿ ಅದಕ್ಕೆ ಹೊಂದದಿದ್ದರೆ ಮೂತಿಯ ಪಕ್ಕದಲ್ಲೇ ಹಾದುಹೋದರೂ ಬಾಯಿ ಹಾಕುವುದಿಲ್ಲ. ಆಗ ಕಲ್ಲು ಎತ್ತಿ ನೋಡದೆ ಬೇರೆ ದಾರಿಯಿಲ್ಲ.

ಕಲ್ಲಿನಡಿಯಲ್ಲಿ ಮುಖ್ಯವಾಗಿ ಹುಡುಕುವುದು ಮೂರು ಬಳಗದ ಹುಳುಗಳನ್ನು. ಮೊದಲನೆಯದು ಮೇಫ್ಲೈ. ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರು. ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ನೀರೊಳಗೆ ಬೆಳೆಯುತ್ತದೆ. ರೆಕ್ಕೆ ಬಂದ ಮೇಲಿನ ಬದುಕು ಮಾತ್ರ ಒಂದೆರಡು ದಿನ, ಕೆಲವಕ್ಕೆ ಬರೀ ಕೆಲವು ಗಂಟೆ. ಆಗ ಅದಕ್ಕೆ ತಿನ್ನಲು ಬರುವ ಬಾಯಿಯೂ ಇರುವುದಿಲ್ಲ. ಹಾರುವ ರೆಕ್ಕೆ ಬಂದ ಮೇಲೂ ಇನ್ನೊಂದು ಸಲ ಪೊರೆ ಕಳಚುವ ಕೀಟ ಇವತ್ತಿನ ಜಗತ್ತಿನಲ್ಲಿ ಇದೊಂದೇ.

ಎರಡನೆಯದು ಸ್ಟೋನ್‌ಫ್ಲೈ. ಎರಡು ಬಾಲ, ಪ್ರತಿ ಕಾಲಿನ ತುದಿಗೆ ಎರಡು ಉಗುರು. ಮೂವರಲ್ಲಿ ಇದೇ ನಾಜೂಕಿನದು. ನೀರಿನಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ತಡೆಯಲ್ಲ. ಹಿಡಿದು ಬಿಳಿ ತಟ್ಟೆಯ ನಿಂತ ನೀರಿನಲ್ಲಿ ಬಿಟ್ಟರೆ ಕೆಲವೊಮ್ಮೆ ಮೈಯನ್ನು ಮೇಲೆ ಕೆಳಗೆ ಆಡಿಸುತ್ತಾ ದಂಡ ಹೊಡೆಯಲು ಶುರು ಮಾಡುತ್ತದೆ. ಮಕ್ಕಳಿಗೆ ಅದು ತಮಾಷೆ. ಹುಳುವಿಗೆ ಅದು ಏದುಸಿರು. ಕಿವಿರಿನ ಸುತ್ತ ನೀರು ಓಡಾಡಲಿ ಎಂದು ಹಾಗೆ ಮಾಡುತ್ತದೆ. ಅದನ್ನು ಕಂಡ ಕೂಡಲೇ ತೊರೆಗೆ ಬಿಟ್ಟುಬಿಡಬೇಕು.

ಮೂರನೆಯದು ಕ್ಯಾಡಿಸ್‌ಫ್ಲೈ, ಪತಂಗಗಳ ಹತ್ತಿರದ ನೆಂಟ. ಇದರ ಮರಿಹುಳು ಬಾಯಿಂದ ರೇಷ್ಮೆ ಬಿಡುತ್ತದೆ, ಅದೂ ನೀರಿನೊಳಗೇ! ಆ ಅಂಟಿನಲ್ಲಿ ಮರಳಿನ ಕಾಳು, ಕಡ್ಡಿ, ಎಲೆಚೂರು ಜೋಡಿಸಿ ತನ್ನ ಸುತ್ತ ಒಂದು ಕೊಳವೆಮನೆ ಕಟ್ಟಿಕೊಳ್ಳುತ್ತದೆ. ಕೆಲವು ಜಾತಿಗಳು ಮನೆ ಕಟ್ಟುವ ಬದಲು ಹರಿಯುವ ನೀರಿಗೆ ಬಲೆ ಒಡ್ಡಿ ಕೂರುತ್ತವೆ. ಮೀನು ಹಿಡಿಯಲು ಬಂದವರ ಕಾಲಡಿಯಲ್ಲೇ ಇನ್ನೊಬ್ಬ ಬೇಟೆಗಾರ.

ಈ ಮೂರರ ಲೆಕ್ಕ ಇಡುವುದೇ ತೊರೆ ಕಾಯುವವರ ಮೊದಲ ಕೆಲಸ. ಒಬ್ಬರು ಕೆಳಗೆ ಬಲೆ ಹಿಡಿದು ನಿಲ್ಲುತ್ತಾರೆ. ಇನ್ನೊಬ್ಬರು ಮೇಲುಗಡೆ ಕಾಲಿನಿಂದ ಕಲ್ಲು ಕದಡುತ್ತಾರೆ. ಬಲೆಗೆ ಬಂದದ್ದನ್ನು ತಟ್ಟೆಗೆ ಸುರಿದು, ಎಷ್ಟು ಬಗೆ ಇವೆ ಎಂದು ಎಣಿಸಿ, ಬರೆದುಕೊಂಡು, ವಾಪಸ್ ಬಿಡುತ್ತಾರೆ. ಇಷ್ಟೆಲ್ಲ ಯಾಕೆ, ನೀರನ್ನೇ ಪರೀಕ್ಷೆಗೆ ಕಳಿಸಿದರೆ ಆಗಲ್ವಾ ಎಂದು ಕೇಳಬಹುದು. ಅದನ್ನೂ ಮಾಡಬೇಕು. ಆದರೆ ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಸುದ್ದಿ ಮಾತ್ರ ಹೇಳುತ್ತದೆ. ಹೋದ ವಾರ ಯಾರೋ ಏನೋ ಸುರಿದಿದ್ದರೆ ಅದು ಆಗಲೇ ಹರಿದುಹೋಗಿರುತ್ತದೆ. ಹುಳುಗಳು ಹಾಗಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದವು. ಸ್ಟೋನ್‌ಫ್ಲೈ ಪೂರ್ತಿ ಕಾಣೆಯಾಗಿ ಬರೀ ಎರೆಹುಳುವಿನಂಥವೇ ಸಿಕ್ಕರೆ ಏನೋ ಕೆಟ್ಟಿದೆ ಎಂದು ಹತ್ತು ವರ್ಷದ ಹುಡುಗಿಯೂ ಹೇಳಬಲ್ಲಳು.

ಏನು ಕೆಟ್ಟಿರುತ್ತದೆ? ಎಷ್ಟೋ ಸಲ ವಿಷವಲ್ಲ, ಬಿಸಿ. ಸಮುದ್ರಮಟ್ಟದಲ್ಲಿ, 10 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತದೆ. ಬೆಟ್ಟದ ಮೇಲೆ ಇನ್ನೂ ಕಡಿಮೆ. ನೀರು ಬೆಚ್ಚಗಾದಂತೆ ಮೀನಿನ ಮೈಗೆ ಆಮ್ಲಜನಕ ಜಾಸ್ತಿ ಬೇಕು, ನೀರಿನಲ್ಲಿ ಇರುವುದು ಕಮ್ಮಿ. 20 ಡಿಗ್ರಿ ದಾಟಿದರೆ ಬ್ರೂಕ್ ಟ್ರೌಟ್ ಒದ್ದಾಡುತ್ತದೆ, 25ರ ಹತ್ತಿರ ದಿನಗಟ್ಟಲೆ ಇದ್ದರೆ ಬದುಕುವುದು ಕಷ್ಟ. ದಡದ ಮರ ಕಡಿದರೆ ತೊರೆ ಬೆಚ್ಚಗಾಗುತ್ತದೆ. ಅದಕ್ಕೇ ಸ್ವಯಂಸೇವಕರ ಎಷ್ಟೋ ಶನಿವಾರಗಳು ಗುಂಡಿ ತೋಡಿ ಸಸಿ ನೆಡುವುದರಲ್ಲೇ ಕಳೆಯುತ್ತವೆ.

ಇನ್ನೊಂದು ಶತ್ರು ಹೂಳು. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿಕಲ್ಲು ಕೆದರಿ ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ಮೇಲಿನ ಮಣ್ಣುರಸ್ತೆಯಿಂದ ಕೊಚ್ಚಿಬಂದ ನುಣ್ಣನೆ ಮಣ್ಣು ಆ ಸಂದಿಗಳನ್ನು ಮುಚ್ಚಿದರೆ ಮೊಟ್ಟೆ ಅಲ್ಲೇ ಸಾಯುತ್ತದೆ. ರಸ್ತೆಯಡಿಯ ಮೋರಿಯೂ ತೊಂದರೆ ಕೊಡುತ್ತದೆ. ಅದರ ಬಾಯಿ ತೊರೆಗಿಂತ ಮೊಣಕಾಲೆತ್ತರ ಮೇಲಿದ್ದರೆ ಸಣ್ಣ ಮೀನಿಗೆ ಅದೇ ಗೋಡೆ. ಮೇಲಿನ ತಣ್ಣೀರು ಕೂಗಳತೆಯಲ್ಲಿದ್ದರೂ ಹೋಗಲಾಗದು.

1959ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಓ ಸೇಬಲ್ ನದಿಯ ದಡದಲ್ಲಿ ಕೆಲವು ಮೀನುಗಾರರು ಸೇರಿ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿದರು. ಸಾಕಿದ ಮರಿಗಳನ್ನು ತಂದು ಸುರಿಯುವುದಕ್ಕಿಂತ ಕಾಡುಮೀನು ಬದುಕುವಂತೆ ತೊರೆಯನ್ನೇ ಸರಿ ಮಾಡಬೇಕು ಅನ್ನುವುದು ಅವರ ನಿಲುವು. ಇದು ಸರಿಯಾದ ದಾರಿ ಎಂದೇ ನನಗೆ ಅನಿಸುತ್ತದೆ. ಸುರಿಯುವ ಚಟ ಎಷ್ಟು ಕೆಡುಕು ಮಾಡಿದೆ ಎಂದರೆ ಯುರೋಪಿನ ಬ್ರೌನ್ ಟ್ರೌಟ್, ಪೆಸಿಫಿಕ್ ಕರಾವಳಿಯ ರೇನ್‌ಬೋ ಟ್ರೌಟ್ ಎರಡೂ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ತಮ್ಮ ಊರಿನಲ್ಲಿ ಕಾಪಾಡಬೇಕಾದ ಮೀನು, ಬೇರೆಯವರ ಊರಿನಲ್ಲಿ ಅಲ್ಲಿನ ಮೀನುಗಳನ್ನು ತಿಂದು ಮುಗಿಸುವ ಮೀನು.

ಕಾಪಾಡುತ್ತೇವೆ ಅನ್ನುತ್ತಾ ಬಾಯಿಗೆ ಕೊಕ್ಕೆ ಹಾಕುವುದು ಯಾವ ನ್ಯಾಯ? ಮಕ್ಕಳು ಇದನ್ನು ಕೇಳೇ ಕೇಳುತ್ತಾರೆ, ಕೇಳಬೇಕು ಕೂಡ. ಹಿಡಿದು ಬಿಟ್ಟರೂ ಮೀನಿಗೆ ತೊಂದರೆ ಇದ್ದೇ ಇದೆ, ಅದನ್ನು ಮುಚ್ಚಿಡಬಾರದು. ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು. ಹಿಮ್ಮುಳ್ಳು ಇಲ್ಲದ ಕೊಕ್ಕೆ ಬಳಸಬೇಕು. ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟಬಾರದು, ಒಣಗೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಫೋಟೊಗೆಂದು ನೀರಿನಿಂದ ಎತ್ತಿ ಹಿಡಿಯಬಾರದು. ಥರ್ಮಾಮೀಟರ್ 20 ಡಿಗ್ರಿ ತೋರಿಸಿದ ದಿನ ಕಡ್ಡಿ ಬಿಚ್ಚಲೇಬಾರದು. ಆ ದಿನ ಹುಳು ಎಣಿಸಿದರಾಯಿತು.

ಕೊನೆಗೆ ಬೂಟಿನ ವಿಷಯ. 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ನದಿಯಲ್ಲಿ ಡಿಡಿಮೊ ಎಂಬ ಪಾಚಿ ಕಂಡುಬಂತು. ಕಲ್ಲುಗಳ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಹಬ್ಬುವ ಜೀವಿ ಅದು. ಒಂದು ಹನಿ ನೀರಿದ್ದರೂ ಸಾಕು, ಬೇರೆ ನದಿಗೆ ದಾಟುತ್ತದೆ. ಜಾರದಿರಲಿ ಎಂದು ಮೀನುಗಾರರು ಹಾಕುತ್ತಿದ್ದ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟು ಬೇಗ ಒಣಗುವುದಿಲ್ಲವಾದ್ದರಿಂದ 2008ರಲ್ಲಿ ಅಲ್ಲಿ ಅದನ್ನೇ ನಿಷೇಧಿಸಿದರು. ಹಾಗಾಗಿ ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಬಲೆ, ತಟ್ಟೆ ಎಲ್ಲ ತೊಳೆದು ಒಣಗಿಸಬೇಕು. ಒಳಗೆ ಹೊರಗೆ ಮುಟ್ಟಿ ನೋಡಿ, ಪೂರ್ತಿ ಒಣಗಿದೆ ಅನಿಸಿದ ಮೇಲೂ ಇನ್ನೂ ಎರಡು ದಿನ ಹಾಗೇ ಬಿಡಬೇಕು.