ಮರ ಸೈಕಲ್ಲನ್ನು ಮೇಲಕ್ಕೆ ಎತ್ತುವುದಿಲ್ಲ

ಮರದ ಕಾಂಡದೊಳಗೆ ಅರ್ಧ ಹೂತುಹೋದ ಹಳೇ ಸೈಕಲ್ಲಿನ ಫೋಟೋ ಯಾರದಾದರೂ ಮೊಬೈಲಿಗೆ ಬಂದರೆ ಸಾಕು, ಮಂಡ್ಯ ಕಡೆಯ ಟೀ ಅಂಗಡಿಗಳಲ್ಲಿ ಅರ್ಧ ಗಂಟೆ ಮಾತಿಗೆ ಬರವಿಲ್ಲ.

"ಟೀ ಕುಡ್ದು ಬತ್ತೀನಿ ಅಂತ ಒರಗ್ಸಿ ಹೋದೋನು, ಇನ್ನೂ ಟೀ ಮುಗ್ದಿಲ್ಲ ಕಣ್ಲಾ."

"ಕಳ್ಳರ ಕಾಟಕ್ಕೆ ಇದೇ ಸರಿ ಬುಡಣ್ಣ. ಬೀಗನೂ ಬ್ಯಾಡ, ಚೈನೂ ಬ್ಯಾಡ."

"ಅಲ್ಲ, ಅಷ್ಟು ಎತ್ತರಕ್ಕೆ ಹೆಂಗೋಯ್ತು?"

"ಮರ ಬೆಳ್ದಂಗೆ ಸೈಕಲ್ನೂ ಮ್ಯಾಕೆ ತಕ್ಕೊಂಡೋಗದೆ. ಇನ್ನತ್ತು ವರ್ಸ ಬುಟ್ರೆ ತುದೀಲಿರ್ತದೆ ನೋಡು."

ಕೊನೆಯ ಮಾತಿಗೆ ಎಲ್ಲರೂ ನಗುತ್ತಾರೆ. ಆದರೆ ಬಹಳ ಜನ ಅದನ್ನು ನಿಜ ಅಂತಲೇ ನಂಬಿರುತ್ತಾರೆ, ಓದಿದವರೂ ಸೇರಿ. ಮರ ಬೆಳೆಯುವ ರೀತಿಯೇ ಬೇರೆ. ಅದನ್ನು ತಿಳಿದುಕೊಂಡರೆ ಆ ಫೋಟೋ ಇನ್ನೂ ಚೆಂದ ಕಾಣುತ್ತದೆ.

ಮರ ಎತ್ತರವಾಗುವುದು ತುದಿಯಲ್ಲಿ ಮಾತ್ರ. ಪ್ರತಿ ಕೊಂಬೆಯ ಕುಡಿಯಲ್ಲಿ ಹೊಸ ಜೀವಕೋಶಗಳು ಹುಟ್ಟಿ ಅಲ್ಲಿಂದ ಮುಂದಕ್ಕೆ ಬೆಳೆಯುತ್ತದೆ. ಕೆಳಗೆ ಒಮ್ಮೆ ಗಟ್ಟಿಯಾದ ಕಾಂಡ ಮತ್ತೆ ಉದ್ದ ಆಗುವುದಿಲ್ಲ. ನೆಲದಿಂದ 4 ಅಡಿ ಮೇಲೆ ಮೊಳೆ ಹೊಡೆದರೆ ಐವತ್ತು ವರ್ಷ ಕಳೆದರೂ ಅದು 4 ಅಡಿಯಲ್ಲೇ ಇರುತ್ತದೆ. ಇದಕ್ಕೆ ಸಾಕ್ಷಿ ಮಂಡ್ಯದ ತೋಟಗಳಲ್ಲೇ ಇದೆ. ಹತ್ತುವುದಕ್ಕೆ ಅಂತ ತೆಂಗಿನ ಮರದಲ್ಲಿ ಹಿಂದೆ ಕಡಿದ ಕಚ್ಚುಗಳನ್ನು ನೋಡಿ. ಮರ ಎಷ್ಟೇ ಎತ್ತರ ಹೋದರೂ ಕೆಳಗಿನ ಕಚ್ಚಿಗೆ ಕಾಲಿಡುವ ಎತ್ತರ ಬದಲಾಗುವುದಿಲ್ಲ. ಕಚ್ಚು ಮುಚ್ಚಿಕೊಳ್ಳುವುದೂ ಇಲ್ಲ.

ಆ ಕಚ್ಚು ಯಾಕೆ ಮುಚ್ಚಿಕೊಳ್ಳುವುದಿಲ್ಲ? ಸೈಕಲ್ಲಿನ ಕಥೆಯ ತಿರುಳು ಇರುವುದು ಇಲ್ಲಿಯೇ. ಬೇವು, ಹೊಂಗೆ, ಹುಣಸೆ, ಆಲ ಇಂಥ ಮರಗಳ ತೊಗಟೆಯ ಒಳಗೆ ಕೇಂಬಿಯಂ ಅನ್ನುವ ತೆಳ್ಳನೆಯ ಜೀವಂತ ಪದರ ಇರುತ್ತದೆ. ಕೆಲವೇ ಜೀವಕೋಶಗಳಷ್ಟು ದಪ್ಪ, ಅಷ್ಟೇ. ಅದು ಒಳಗಡೆಗೆ ಮರವನ್ನೂ ಹೊರಗಡೆಗೆ ಒಳತೊಗಟೆಯನ್ನೂ ಕಟ್ಟುತ್ತಾ ಹೋಗುತ್ತದೆ. ಹಳೇ ಅಂಗಿಯನ್ನು ಬಿಚ್ಚದೆ ಅದರ ಮೇಲೆ ಹೊಸ ಅಂಗಿ ತೊಟ್ಟ ಹಾಗೆ. ಕಾಂಡ ದಪ್ಪವಾಗುವುದು ಹೀಗೆ. ತೆಂಗು, ಅಡಿಕೆ, ಈಚಲು ಮರಗಳಲ್ಲಿ ಈ ಪದರವೇ ಇಲ್ಲ. ಹಾಗಾಗಿ ತೆಂಗಿನ ಮರಕ್ಕೆ ಸೈಕಲ್ ಒರಗಿಸಿ ಮೊಮ್ಮಕ್ಕಳ ಕಾಲದವರೆಗೆ ಮರೆತುಬಿಟ್ಟರೂ ಚಿಂತೆ ಇಲ್ಲ. ಅದು ತುಕ್ಕು ಹಿಡಿದು ಬಿದ್ದೀತೇ ಹೊರತು ಮರದೊಳಗೆ ಹೋಗುವುದಿಲ್ಲ.

ಬೇವಿನ ಮರಕ್ಕೆ ಒರಗಿಸಿದರೆ ಮಾತ್ರ ವಿಷಯ ಬೇರೆ. ಕಾಂಡ ದಪ್ಪವಾಗುತ್ತಾ ಬಂದು ಒಂದು ದಿನ ಫ್ರೇಮಿನ ಪೈಪಿಗೆ ತಾಗುತ್ತದೆ. ತಾಗಿದ ಜಾಗದಲ್ಲಿ ತೊಗಟೆ ಅಮುಕಿಕೊಂಡು ಬೆಳವಣಿಗೆ ನಿಧಾನವಾಗುತ್ತದೆ. ಒತ್ತಡ ಒಂದೇ ಕಡೆ ಬೀಳುವುದು ಮರಕ್ಕೆ ಆಗದ ಮಾತು. ಪೈಪಿನ ಆಚೆ ಈಚೆ ಅದು ಜಾಸ್ತಿ ಮರ ಕಟ್ಟಲು ಶುರುಮಾಡುತ್ತದೆ. ತಾಗುವ ಜಾಗ ಅಗಲವಾದಷ್ಟೂ ಒತ್ತಡ ಹಂಚಿಹೋಗುತ್ತದೆ, ಅಲ್ವಾ? ಹೀಗೆ ಎರಡೂ ಕಡೆಯ ಅಂಚು ಉಬ್ಬಿ, ಪೈಪಿನ ಮೇಲೆ ಬಾಗಿ, ಕೊನೆಗೆ ಒಂದನ್ನೊಂದು ಮುಟ್ಟುತ್ತವೆ. ನಡುವಿನ ತೊಗಟೆ ನಜ್ಜಿ ಒಳಗೇ ಉಳಿಯುತ್ತದೆ. ಎರಡು ಕಡೆಯ ಕೇಂಬಿಯಂ ಕೂಡಿ ಒಂದಾಗುತ್ತದೆ. ಮುಂದಿನ ಪದರ ಪೈಪನ್ನು ಪೂರ್ತಿ ಒಳಗೆ ಹಾಕಿಕೊಂಡು ಬೆಳೆಯುತ್ತದೆ. ಕಾಂಡ ಒಂದು ಪಕ್ಕಕ್ಕೆ ವರ್ಷಕ್ಕೆ 5 ಮಿ.ಮೀ. ದಪ್ಪವಾಗುತ್ತದೆ ಅಂತ ಲೆಕ್ಕ ಹಾಕಿದರೆ, 25 ಮಿ.ಮೀ. ಪೈಪಿನಷ್ಟು ದಪ್ಪ ದಾಟಲು 5 ವರ್ಷ ಸಾಕು. ಹ್ಯಾಂಡಲ್ಲು, ಚಕ್ರ ಹೊರಗೆ ಚಾಚಿಕೊಂಡಿರುವುದರಿಂದ ಬಹಳ ಕಾಲ ಕಾಣುತ್ತಲೇ ಇರುತ್ತವೆ.

ಆಲ, ಅರಳಿ ಇನ್ನೂ ಮುಂದೆ. ಅವುಗಳ ಬೇರುಗಳು ಒಂದನ್ನೊಂದು ಮುಟ್ಟಿದಲ್ಲಿ ಬೆಸೆದುಕೊಂಡುಬಿಡುತ್ತವೆ. ಅರಳಿಕಟ್ಟೆಯ ನಾಗರಕಲ್ಲು ಅರ್ಧಕ್ಕರ್ಧ ಬೇರಿನೊಳಗೆ ಹೋಗಿರುವುದನ್ನು ನಮ್ಮ ಕಡೆ ನೋಡದವರು ಕಡಿಮೆ.

ಸೈಕಲ್ ಮರಗಳಲ್ಲಿ ಹೆಸರಾದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಶನ್ ದ್ವೀಪದ್ದು. ಅಲ್ಲಿ ಸೈಕಲ್ ತಲೆಗಿಂತ ಮೇಲೆ ಸಿಕ್ಕಿಕೊಂಡಿದೆ. 1914ರಲ್ಲಿ ಯುದ್ಧಕ್ಕೆ ಹೊರಟ ಹುಡುಗನೊಬ್ಬ ಅದನ್ನು ಮರಕ್ಕೆ ಕಟ್ಟಿ ಹೋದ, ತಿರುಗಿ ಬರಲೇ ಇಲ್ಲ ಅಂತ ಕಥೆ. ಕೇಳಿದರೆ ಕರುಳು ಚುರ್ ಅನ್ನುತ್ತದೆ. ಆದರೆ ಆ ಸೈಕಲ್ ಚಿಕ್ಕ ಮಕ್ಕಳದ್ದು. ಯುದ್ಧಕ್ಕೆ ಹೋಗುವ ವಯಸ್ಸಿನವನ ಮೊಣಕಾಲು ಅದರ ಹ್ಯಾಂಡಲ್ಲಿಗೆ ಬಡಿಯುತ್ತದೆ! ಅದನ್ನು ಅಲ್ಲಿ ಬಿಟ್ಟಿದ್ದು 1950ರ ದಶಕದಲ್ಲಿ ಅನ್ನುವುದೇ ಹೆಚ್ಚು ನಂಬುವಂಥ ಮಾತು. ಎತ್ತರದ ವಿಷಯಕ್ಕೆ ಬಂದರೆ, ಕಾಂಡ ಅದನ್ನು ಎತ್ತಿಲ್ಲ. ಯಾರೋ ಅಷ್ಟು ಎತ್ತರದಲ್ಲೇ ಸಿಕ್ಕಿಸಿರಬೇಕು. ಸ್ಕಾಟ್ಲೆಂಡಿನ ಬ್ರಿಗ್ ಓ ಟರ್ಕ್ ಊರಲ್ಲಿ ಇನ್ನೊಂದಿದೆ. ಕಮ್ಮಾರನ ಗುಜರಿ ರಾಶಿಯ ಪಕ್ಕ ಬೆಳೆದ ಸಿಕಮೋರ್ ಮರ ಅದು. ಸೈಕಲ್ಲಿನ ಹ್ಯಾಂಡಲ್ ಮಾತ್ರ ಹೊರಗೆ ಕಾಣುತ್ತದೆ. ನನಗೆ ವಾಶನ್‌ಗಿಂತ ಇದೇ ಹೆಚ್ಚು ಇಷ್ಟ. ಮರ ತನ್ನ ಪಾಡಿಗೆ ತಾನು ಮಾಡಿದ ಕೆಲಸ ಇಲ್ಲಿ ನೇರವಾಗಿ ಕಾಣುತ್ತದೆ.

ಒಳಗೆ ಹೋದ ಕಬ್ಬಿಣವನ್ನು ಮರ ಜೀರ್ಣ ಮಾಡಿಕೊಳ್ಳುವುದಿಲ್ಲ. ಅದು ಅಲ್ಲೇ ಕೂತಿರುತ್ತದೆ. ಸಾಮಿಲ್‌ನವರಿಗೆ ರಸ್ತೆ ಬದಿಯ ಮರ ಅಂದರೆ ಭಯ. ಒಳಗಿನ ಒಂದು ಮೊಳೆ ಸಾಕು, ಗರಗಸದ ಹಲ್ಲು ಹೋಗುತ್ತದೆ. ಎಷ್ಟೋ ಸಲ ಮರವೇ ಸುಳಿವು ಕೊಡುತ್ತದೆ. ಕೊಯ್ದ ದಿಮ್ಮಿಯಲ್ಲಿ ನೀಲಿ ಕಪ್ಪು ಕಲೆ ಕಂಡರೆ ಹತ್ತಿರದಲ್ಲಿ ಕಬ್ಬಿಣ ಇದೆ ಅಂತ ಲೆಕ್ಕ. ಜಾಲಿಯಂಥ ಮರಗಳಲ್ಲಿ ಒಗರು ಕೊಡುವ ಟ್ಯಾನಿನ್ ಜಾಸ್ತಿ. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ ಆಗುತ್ತದೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನ.

ಒರಗಿಸಿದ ಸೈಕಲ್ಲಿನಿಂದ ಮರ ಸಾಯುವುದು ಅಪರೂಪ. ಕಾಂಡದ ಸುತ್ತ ಬಿಗಿದ ತಂತಿಯ ಕಥೆ ಹಾಗಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ತಂತಿ ಅದನ್ನು ಸುತ್ತಲೂ ಕತ್ತರಿಸಿದರೆ ಮೇಲ್ಭಾಗ ಊದಿಕೊಳ್ಳುತ್ತದೆ, ಬೇರು ಹಸಿವಿನಿಂದ ಸೊರಗುತ್ತದೆ. ಇಟಲಿಯ ವಿಜ್ಞಾನಿ ಮಾಲ್ಪೀಘಿ 17ನೇ ಶತಮಾನದಲ್ಲೇ ಕಾಂಡದ ಸುತ್ತ ತೊಗಟೆ ತೆಗೆದು ಈ ಊತವನ್ನು ಕಂಡಿದ್ದ. ಮೈಸೂರಿನ ಬೀದಿಗಳಲ್ಲಿ ಸಸಿಗೆ ಅಂತ ಹಾಕಿದ ಕಬ್ಬಿಣದ ಬೇಲಿ, ಬೋರ್ಡು ಕಟ್ಟಿದ ತಂತಿ ದೊಡ್ಡ ಮರದ ಕುತ್ತಿಗೆ ಹಿಸುಕುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟ ಆಗುತ್ತದೆ. ತಂತಿ ಇನ್ನೂ ಹೊರಗಿದ್ದರೆ ಕತ್ತರಿಸಿ ತೆಗೆದುಬಿಡಬೇಕು. ಸ್ವಲ್ಪ ಭಾಗ ಆಗಲೇ ಒಳಗೆ ಹೋಗಿದ್ದರೆ ಎಳೆಯಬಾರದು. ಎಳೆದರೆ ಜೀವಂತ ಪದರ ಹರಿದುಹೋಗುತ್ತದೆ. ಹೊರಗಿನ ತುಂಡನ್ನು ಕತ್ತರಿಸಿ, ಒಳಗಿನದನ್ನು ಹಾಗೇ ಬಿಟ್ಟರೆ ಮರ ಅದನ್ನು ಮುಚ್ಚಿಕೊಂಡು ಬೆಳೆಯುತ್ತದೆ.