ಹಂದಿ ಸಗಣಿಗೆ ಬೇಕಾದದ್ದು ಮೆಕ್ಕೆಜೋಳದ ಸೊಪ್ಪೆ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ಬೆಂಡು, ರವದಿ, ಸೊಪ್ಪೆಗಳು ಹೊಲದ ಬದುವಿನಲ್ಲಿ ರಾಶಿಬಿದ್ದು, ಎಷ್ಟೋ ಕಡೆ ಬೆಂಕಿಯ ಪಾಲಾಗುತ್ತವೆ. ಹಂದಿ ಸಾಕಣೆಯ ಶೆಡ್ಡುಗಳ ಹಿಂದೆ ನಾರುವ ಸಗಣಿಗೆ ಕೊರತೆಯಾಗಿರುವುದು ಇದೇ ವಸ್ತು.

ಹಂದಿ ಸಗಣಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 10ರಿಂದ 15 ಪಾಲು ಇಂಗಾಲವಷ್ಟೇ ಇರುತ್ತದೆ; ಅದನ್ನು ಕೊಳೆಸಿ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು 25ರಿಂದ 30 ಪಾಲು. ಇಂಗಾಲ ಸಾಲದಾದಾಗ ಅವು ಬಳಸಲಾರದೆ ಬಿಟ್ಟ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟು ರೈತ ಕಳೆದುಕೊಳ್ಳುತ್ತಿರುವ ಯೂರಿಯಾ ಎಂದೇ ಲೆಕ್ಕ. ಹಸಿ ಸಗಣಿಯ ಮುಕ್ಕಾಲು ಭಾಗ ನೀರೇ ಆಗಿರುವುದರಿಂದ ಒಳಗೆ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆಯೂ ಸೇರಿಕೊಳ್ಳುತ್ತದೆ. ನೂರು ಕಿಲೋ ಸಗಣಿಗೆ ಸುಮಾರು ನಲವತ್ತು ಕಿಲೋ ಕತ್ತರಿಸಿದ ಒಣ ಸೊಪ್ಪೆ ಬೆರೆಸಿದರೆ ಈ ಎರಡೂ ತೊಡಕುಗಳು ಒಟ್ಟಿಗೆ ಬಗೆಹರಿಯುತ್ತವೆ: ಒಂದು ಪಾಲು ಸಾರಜನಕಕ್ಕೆ ಇಂಗಾಲ ಇಪ್ಪತ್ತೈದು ಪಾಲಿನ ಆಸುಪಾಸಿಗೆ ಏರುತ್ತದೆ, ತೇವ ಶೇ. 55ರ ಹತ್ತಿರ ಇಳಿಯುತ್ತದೆ. ಶೆಡ್ಡನ್ನು ಪೈಪಿನಿಂದ ತೊಳೆದು ಎಲ್ಲವನ್ನೂ ಒಂದೇ ಗುಂಡಿಗೆ ಹರಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಮೊದಲು ಗಟ್ಟಿಯನ್ನು ನೀರಿನಿಂದ ಬೇರ್ಪಡಿಸಬೇಕು.

ಹದವಾಗಿ ಒಟ್ಟಿದ ರಾಶಿ ಕೆಲವೇ ದಿನಗಳಲ್ಲಿ ತಾನಾಗಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲ, ಹಂದಿಯ ಕರುಳಿನ ದುಂಡುಹುಳುವಿನ ಮೊಟ್ಟೆಗಳು ಈ ಕಾವಿಗೆ ಉಳಿಯುವುದಿಲ್ಲ. ಆದರೆ ಕಾವು ಇರುವುದು ನಡುವಿನಲ್ಲಿ, ಹೊರಮೈ ತಣ್ಣಗೇ ಇರುತ್ತದೆ. ಅದಕ್ಕಾಗಿಯೇ ಸಾಲುರಾಶಿಗಳಲ್ಲಿ 15 ದಿನ ಆ ಉಷ್ಣತೆಯನ್ನು ಕಾಯ್ದುಕೊಂಡು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಹೊರಗಿನದು ಒಳಗಾಗುವಂತೆ ಮಗುಚಬೇಕೆಂಬ ನಿಯಮ ಅಮೆರಿಕದಲ್ಲಿದೆ.

ಚಿತ್ರದುರ್ಗದ ಕಡೆಗೆ, ಅದರಲ್ಲೂ ಚಳ್ಳಕೆರೆ, ಹಿರಿಯೂರಿನ ಒಣಗಾಳಿಯಲ್ಲಿ, ಬೇರೊಂದು ಮೋಸ ಕಾದಿರುತ್ತದೆ. ನೀರು ಆರಿದ ರಾಶಿ ಬೇಗ ತಣಿಯುತ್ತದೆ. ನೋಡಿದವರು ಗೊಬ್ಬರ ಮಾಗಿತೆಂದು ಹೊಲಕ್ಕೆ ಸಾಗಿಸುತ್ತಾರೆ. ವಾಸ್ತವದಲ್ಲಿ ಅಲ್ಲಿ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸಿವೆಯೇ ಹೊರತು ಮುಗಿಸಿಲ್ಲ. ನೀರು ಚಿಮುಕಿಸಿ ಮಗುಚಿದಾಗ ಮತ್ತೆ ಕಾವೇರಿದರೆ ಅದು ಇನ್ನೂ ಹಸಿ ಗೊಬ್ಬರವೇ. ಕಾವೇರುವುದು ನಿಂತ ಮೇಲೂ ಒಂದೆರಡು ತಿಂಗಳು ಮಾಗಲು ಬಿಡುವುದು ಒಳ್ಳೆಯದು.

ಕಾವಿಗೆ ಬಗ್ಗದ ವಸ್ತುಗಳೂ ಇವೆ. ಮರಿಗಳ ಬೆಳವಣಿಗೆಗೆಂದು, ಭೇದಿ ತಡೆಯಲೆಂದು ಮೇವಿನಲ್ಲಿ ಬೆರೆಸುವ ತಾಮ್ರ ಮತ್ತು ಸತುವಿನ ಬಹುಪಾಲು ಸಗಣಿಯಲ್ಲೇ ಹೊರಬೀಳುತ್ತದೆ. ರಾಶಿ ಕಳಿತು ಕುಗ್ಗಿದಂತೆ ಇವುಗಳ ಸಾಂದ್ರತೆ ಏರುತ್ತದೆ. ನಮ್ಮ ಕ್ಷಾರೀಯ ಎರೆಭೂಮಿಯಲ್ಲಿ ಮೆಕ್ಕೆಜೋಳಕ್ಕೆ ಸತುವಿನ ಕೊರತೆ ಸಾಮಾನ್ಯವಾದ್ದರಿಂದ ಸ್ವಲ್ಪ ಸತು ಬಂದರೆ ಲಾಭವೇ. ತಾಮ್ರಕ್ಕೆ ಆ ಮಾತು ಅಷ್ಟಾಗಿ ಸಲ್ಲದು. ನಗರದ ಕಸದಿಂದ ಮಾಡುವ ಕಾಂಪೋಸ್ಟಿಗೆ ದೇಶದ ರಸಗೊಬ್ಬರ ನಿಯಂತ್ರಣ ಆದೇಶ ಕಿಲೋಗೆ 300 ಮಿಲಿಗ್ರಾಂ ತಾಮ್ರ, 1000 ಮಿಲಿಗ್ರಾಂ ಸತುವಿನ ಮಿತಿ ಹಾಕಿದೆ. ಪ್ರತಿವರ್ಷ ಒಂದೇ ಹೊಲಕ್ಕೆ ಹಂದಿ ಗೊಬ್ಬರ ಹಾಕುವವರು ಮಣ್ಣಿನ ಜೊತೆಗೆ ಗೊಬ್ಬರವನ್ನೂ ಪರೀಕ್ಷೆಗೆ ಕಳಿಸಿ, ಅಂಕಿ ಈ ಮಿತಿ ಮೀರಿದ್ದರೆ ಮೇವಿನ ಚೀಲದ ಮೇಲಿನ ಖನಿಜಗಳ ಪಟ್ಟಿಯನ್ನು ನೋಡಬೇಕು, ಏಕೆಂದರೆ ತಾಮ್ರವನ್ನು ಕಡಿಮೆ ಮಾಡಲು ಸಾಧ್ಯವಿರುವುದು ಅಲ್ಲಿ ಮಾತ್ರ.