ಹಡಗಿಗೆ ನಮ್ಮ ವೈನ್ ಬಾಟಲಿ ಒಯ್ಯಬಹುದೇ?

ಪ್ರಶ್ನೆ: ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ನಾವಿಬ್ಬರೂ ಸಿಂಗಾಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ನಾಲ್ಕು ರಾತ್ರಿಗಳ ಪ್ರಯಾಣಕ್ಕೆ ಹೋಗುತ್ತಿದ್ದೇವೆ. ಮಗಳು ಉಡುಗೊರೆಯಾಗಿ ಕೊಟ್ಟ ಎರಡು ವೈನ್ ಬಾಟಲಿಗಳನ್ನು ಜೊತೆಗೆ ಒಯ್ಯಬಹುದೇ? ದಡದಿಂದ 12 ಮೈಲು ದಾಟಿದ ಮೇಲೆ ಯಾವ ಕಾನೂನೂ ಇಲ್ಲ, ಯಾರೂ ಕೇಳುವುದಿಲ್ಲ ಎಂದು ನೆರೆಮನೆಯವರು ಹೇಳುತ್ತಾರೆ. ನಿಜವೇ?

ಮಂಗಳೂರಿನ ಓದುಗರೊಬ್ಬರು

ಉತ್ತರ: ಒಯ್ಯಬಹುದೋ ಇಲ್ಲವೋ ಎಂಬುದನ್ನು ನಿಮ್ಮ ಟಿಕೆಟಿನ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದೇ ತೀರ್ಮಾನಿಸುತ್ತದೆ. ನೆರೆಮನೆಯವರ ಮಾತು ಮಾತ್ರ ಪೂರ್ತಿ ತಪ್ಪು. ಹನ್ನೊಂದು ವರ್ಷ ಶಿಪ್ಪಿನ ಬಾರ್ ವಿಭಾಗದಲ್ಲಿ ದುಡಿದು ಊರಿಗೆ ಮರಳಿದವನು ನಾನು. ಮಳೆಗಾಲ ಕಳೆದು ಪಣಂಬೂರಿನ ಬಂದರಿಗೆ ವಿದೇಶಿ ಪ್ರಯಾಣಿಕರ ಹಡಗು ಬಂತೆಂಬ ಸುದ್ದಿ ಪತ್ರಿಕೆಯಲ್ಲಿ ಕಂಡೊಡನೆ ಈ ಪ್ರಶ್ನೆ, ಅದೇ 12 ಮೈಲಿನ ಬಾಲದೊಂದಿಗೆ, ನನ್ನಲ್ಲಿಗೆ ಬರುತ್ತದೆ. ಎಷ್ಟು ಬಾರಿ ಉತ್ತರಿಸಿದ್ದೇನೆಂದು ಲೆಕ್ಕವಿಟ್ಟಿಲ್ಲ. ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ನಿಯಮ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಕುಡಿಯುವ ವಯಸ್ಸು ತುಂಬಿದ ಪ್ರತಿಯೊಬ್ಬ ಪ್ರಯಾಣಿಕನೂ 750 ಮಿಲಿಯ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ಅನ್ನು ಹಡಗು ಹತ್ತುವ ದಿನ ತರಬಹುದು. ಆ ವಯಸ್ಸು ಅಮೆರಿಕದಿಂದ ಹೊರಡುವ ಪ್ರಯಾಣಗಳಲ್ಲಿ 21, ಏಷ್ಯಾದಿಂದ ಹೊರಡುವವುಗಳಲ್ಲಿ 18. ಕಾರ್ನಿವಲ್‌ನಲ್ಲಿಯೂ ತಲೆಗೊಂದು ಬಾಟಲಿಯ ಲೆಕ್ಕವೇ, ಆದರೆ ವಯಸ್ಸು 21. ಈ ಎರಡೂ ಕಂಪನಿಗಳ ಹಡಗುಗಳಲ್ಲಿ ಬಾಟಲಿಯನ್ನು ನಿಮ್ಮ ಕ್ಯಾಬಿನ್ನಿನಲ್ಲೇ ತೆರೆದು ಕುಡಿದರೆ ಖರ್ಚಿಲ್ಲ, ಊಟದ ಸಭಾಂಗಣಕ್ಕೆ ಒಯ್ದರೆ 15 ಡಾಲರ್ ಕಾರ್ಕೇಜ್ ಶುಲ್ಕ. ನಾರ್ವೇಜಿಯನ್‌ನಲ್ಲಿ ಸಂಖ್ಯೆಯ ಮಿತಿಯಿಲ್ಲ, ಆದರೆ ಎಲ್ಲಿ ಕುಡಿದರೂ 750 ಮಿಲಿಯ ಪ್ರತಿ ಬಾಟಲಿಗೆ 15 ಡಾಲರ್ ತೆರಬೇಕು. ಹಾಗಾಗಿ ಅಲ್ಲಿಗೆ ಅಗ್ಗದ ಬಾಟಲಿ ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲ. ಡಿಸ್ನಿಯವರು ಎರಡು ಬಾಟಲಿಗೆ ಒಪ್ಪುತ್ತಾರೆ, ನಡುವಿನ ಬಂದರುಗಳಲ್ಲಿ ಹತ್ತುವಾಗಲೂ ಒಪ್ಪುತ್ತಾರೆ, ಇದು ಅಪರೂಪದ ಔದಾರ್ಯ. ಎಂಎಸ್‌ಸಿ, ಕೋಸ್ಟಾ ಮತ್ತು ಮುಂಬೈಯಿಂದ ಹೊರಡುವ ನಮ್ಮ ಕೊರ್ಡೇಲಿಯಾ ಹಡಗುಗಳಲ್ಲಿ ಹೊರಗಿನ ಮದ್ಯಕ್ಕೆ ಪ್ರವೇಶವೇ ಇಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊರಡುವ ವಾರ ಟಿಕೆಟಿನ ಷರತ್ತುಗಳನ್ನು ಇನ್ನೊಮ್ಮೆ ಓದಿ. ಇಲ್ಲೆಲ್ಲ ಹೇಳಿದ್ದು ವೈನ್ ಬಗ್ಗೆ ಮಾತ್ರ. ವಿಸ್ಕಿ, ರಮ್, ಗೋವೆಯ ಫೆನಿ ಇವುಗಳಿಗೆ ಮೇಲಿನ ಯಾವ ಹಡಗಿನಲ್ಲೂ ಅನುಮತಿಯಿಲ್ಲ.

ಇನ್ನು 12 ಮೈಲಿನ ಮಾತು. ಇದು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಶಿಪ್ಪಿನಲ್ಲಿ ಕೆಲಸ ಮಾಡಿ ಬಂದವರ ಮನೆಗಳಲ್ಲೂ ಕೇಳಿದ್ದೇನೆ. ತೀರದಿಂದ 12 ನಾಟಿಕಲ್ ಮೈಲು, ಎಂದರೆ ಸುಮಾರು 22 ಕಿಲೋಮೀಟರ್, ಒಂದು ದೇಶದ ಪ್ರಾದೇಶಿಕ ಸಮುದ್ರದ ಅಂಚು ಎಂಬುದು ನಿಜ. ಭಾರತದ 1976ರ ಸಾಗರ ವಲಯಗಳ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೆ ಆ ಅಂಚಿನಾಚೆ ಕಾನೂನೇ ಇಲ್ಲವೆಂಬ ಮಾತನ್ನು ಮಲ್ಪೆಯ ಬಂದರಿನಲ್ಲಿ ನಿಂತು ಹೇಳಿ ನೋಡಿ. ಹತ್ತು ದಿನ ಕಡಲಲ್ಲೇ ಇದ್ದು ಬರುವ ಆಳಸಮುದ್ರದ ಬೋಟುಗಳು ಅಲ್ಲಿವೆ. ಜೂನ್ 1ರಿಂದ ಜುಲೈ 31ರ ತನಕ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಅವರು 12 ಮೈಲು ದಾಟಿ ಬಲೆ ಬೀಸಬಹುದೇ? ಬೀಸುವಂತಿಲ್ಲ. 12 ಮೈಲಿನವರೆಗೆ ರಾಜ್ಯದ ನಿಷೇಧ, ಅದರಾಚೆ 200 ಮೈಲಿನ ಆರ್ಥಿಕ ವಲಯದಲ್ಲಿ ಕೇಂದ್ರದ ನಿಷೇಧ. ನಮ್ಮ ಮೊಗವೀರರಿಗೆ ಬಾಯಿಪಾಠವಾಗಿರುವ ಈ ಸಂಗತಿಯನ್ನು ನಾವು ಕ್ರೂಸ್ ಟಿಕೆಟ್ ಕೈಗೆ ಬಂದೊಡನೆ ಮರೆತುಬಿಡುತ್ತೇವೆ.

200 ಮೈಲಿನಾಚೆಯ ತೆರೆದ ಸಾಗರಕ್ಕೂ ಒಡೆಯನಿಲ್ಲದಿರಬಹುದು, ಆದರೆ ಹಡಗಿಗೆ ಇದ್ದೇ ಇರುತ್ತಾನೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೆರೆದ ಸಾಗರದಲ್ಲಿರುವ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆಯೋ ಆ ದೇಶದ ಅಧಿಕಾರಕ್ಕೆ ಒಳಪಟ್ಟಿರುತ್ತದೆ. ಕ್ರೂಸ್ ಹಡಗಿನ ಹಿಂಭಾಗವನ್ನು ಗಮನಿಸಿದರೆ ಬಹಾಮಾಸ್, ಪನಾಮ, ಮಾಲ್ಟಾ, ಬರ್ಮುಡಾ ಇಂಥ ಹೆಸರುಗಳು ಕಾಣುತ್ತವೆ. ಅವು ಅಲಂಕಾರಕ್ಕೆ ಬರೆದವಲ್ಲ. ಈ ಧ್ವಜದ ಕಥೆಗೂ ಮದ್ಯಕ್ಕೂ ಹಳೆಯ ನಂಟಿದೆ. ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ 1922ರಲ್ಲಿ ರಿಲಯನ್ಸ್ ಮತ್ತು ರೆಸೊಲ್ಯೂಟ್ ಎಂಬ ಎರಡು ಅಮೆರಿಕನ್ ಪ್ರಯಾಣಿಕ ಹಡಗುಗಳ ಮಾಲೀಕರು, ಪ್ರಯಾಣಿಕರಿಗೆ ಮದ್ಯ ಬಡಿಸಲು ಸಾಧ್ಯವಾಗಲೆಂದು ಅವನ್ನು ಪನಾಮದ ಧ್ವಜಕ್ಕೆ ವರ್ಗಾಯಿಸಿದರು. ದಡ ಬಿಟ್ಟೊಡನೆ ಕಾನೂನೇ ಕಳಚಿಕೊಳ್ಳುವಂತಿದ್ದರೆ ಅವರಿಗೆ ಧ್ವಜ ಬದಲಿಸುವ ತೊಂದರೆ ಏಕೆ ಬೇಕಿತ್ತು? ನನ್ನ ಕೈಕೆಳಗೆ ಕಲಿತ ಹುಡುಗರಿಗೆಲ್ಲ ಈ ಪ್ರಸಂಗವನ್ನು ಮೊದಲ ವಾರವೇ ಹೇಳುತ್ತಿದ್ದೆ, ಅವರು ಯಾರೂ ಈ ವಿಷಯದಲ್ಲಿ ಮತ್ತೆ ತಪ್ಪಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದದ್ದು ಬೇರೆಯೇ ಇದೆ. ನಿಮ್ಮ ಬಾಟಲಿಯನ್ನು ತಡೆಯುವುದು ಯಾವ ದೇಶದ ಕಾನೂನೂ ಅಲ್ಲ, ಟಿಕೆಟ್ ಕೊಳ್ಳುವಾಗ ನೀವೇ ಒಪ್ಪಿಕೊಂಡ ಕರಾರು. ಮದುವೆ ಹಾಲ್ ಹಿಡಿಯುವಾಗ ಹೊರಗಿನ ಅಡುಗೆಯವರನ್ನು ತರಬಾರದೆಂಬ ಷರತ್ತಿಗೆ ಸಹಿ ಹಾಕಿದರೆ, ಹಾಲ್ ಪುತ್ತೂರಿನಲ್ಲಿದ್ದರೂ ಕುಂದಾಪುರದಲ್ಲಿದ್ದರೂ ಆ ಷರತ್ತು ಹಾಗೆಯೇ ಇರುತ್ತದೆ. ಹಡಗು ಎಷ್ಟು ಮೈಲು ಸಾಗಿತೆಂದು ಕರಾರು ನೋಡುವುದಿಲ್ಲ. ಅದಕ್ಕಿಂತ ಸರಳವಾದ ಸಂಗತಿಯೆಂದರೆ, ಬಾಟಲಿಯನ್ನು ಹಿಡಿಯುವುದು ಕಡಲಿನಲ್ಲಲ್ಲ, ಟರ್ಮಿನಲ್ಲಿನ ಎಕ್ಸ್-ರೇ ಯಂತ್ರದಲ್ಲಿ. ಆಗ ನಿಮ್ಮ ಕಾಲು ಇನ್ನೂ ಸಿಂಗಾಪುರದ ನೆಲದ ಮೇಲೆಯೇ ಇರುತ್ತದೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಹಡಗಿನೊಳಗಿನ ಸುಂಕರಹಿತ ಅಂಗಡಿ ಮತ್ತು ಕ್ಯಾಸಿನೊ ಬಂದರಿನಲ್ಲಿರುವಾಗ ಮುಚ್ಚಿರುತ್ತವೆ, ಹಡಗು ದೂರ ಸಾಗಿದ ಮೇಲೆ ತೆರೆಯುತ್ತವೆ. ಅದನ್ನು ಕಂಡವರು, ಇನ್ನು ಎಲ್ಲವೂ ಮುಕ್ತ ಎಂದು ಭಾವಿಸಿದರು. ಅಲ್ಲಿ ಸಡಿಲವಾಗುವುದು ಬಂದರಿನ ದೇಶದ ತೆರಿಗೆ ಮತ್ತು ಜೂಜಿನ ನಿರ್ಬಂಧವೇ ಹೊರತು ಹಡಗಿನ ನಿಯಮಗಳಲ್ಲ.

ನಿಮ್ಮ ಎರಡು ಬಾಟಲಿಗಳಿಗೆ ಬರುತ್ತೇನೆ. ವಿಮಾನದ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಬಾಟಲಿ ಒಯ್ಯುವಂತಿಲ್ಲ, ಆದ್ದರಿಂದ ಬಜ್ಪೆಯಲ್ಲಿ ಅವು ಚೆಕ್-ಇನ್ ಪೆಟ್ಟಿಗೆಗೆ ಹೋಗಬೇಕು, ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ. ಸಿಂಗಾಪುರವು ಭಾರತದಿಂದ ಬರುವ ವಯಸ್ಕರಿಗೆ 2 ಲೀಟರ್ ವೈನ್‌ವರೆಗೆ ಸುಂಕವಿಲ್ಲದೆ ಬಿಡುತ್ತದೆ, ನಿಮ್ಮದು ಒಟ್ಟು ಒಂದೂವರೆ ಲೀಟರ್. ಹಡಗಿನ ಬಳಿ ಮಾತ್ರ ಕ್ರಮ ತಲೆಕೆಳಗಾಗುತ್ತದೆ: ಅಲ್ಲಿ ಬಾಟಲಿ ಕೈಚೀಲದಲ್ಲೇ ಇರಬೇಕು, ಕೂಲಿಯವರಿಗೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿ ಇರಬಾರದು. ಒಳ್ಳೆಯ ಮನಸ್ಸಿನ ಪ್ರಯಾಣಿಕರೂ ಎಡವುವುದು ಇಲ್ಲಿಯೇ. ದೊಡ್ಡ ಪೆಟ್ಟಿಗೆಯಲ್ಲಿ ಬಾಟಲಿ ಕಂಡರೆ ಆ ಪೆಟ್ಟಿಗೆ ಕ್ಯಾಬಿನ್ನಿಗೆ ಬಾರದೆ ಭದ್ರತಾ ಕೋಣೆಗೆ ಹೋಗುತ್ತದೆ. ನಾನಿದ್ದ ಹಡಗಿನಲ್ಲಿ ಮೊದಲ ರಾತ್ರಿಯ ಊಟಕ್ಕೆ ಬದಲಿಸಲು ಬಟ್ಟೆಯಿಲ್ಲದೆ ಆ ಕೋಣೆಯ ಮುಂದೆ ಸಾಲು ನಿಂತವರನ್ನು ಎಷ್ಟೋ ಬಾರಿ ಕಂಡು ಮರುಗಿದ್ದೇನೆ. ಶಾಂಪೂ ಬಾಟಲಿಯಲ್ಲಿ ರಮ್ ತುಂಬಿ ತರುವ ಉಪಾಯವನ್ನು ಭದ್ರತೆಯವರು ನಿಮಗಿಂತ ಮೊದಲೇ ಬಲ್ಲರು. ದಾರಿಯ ಬಂದರಿನಲ್ಲಿ ಕೊಂಡ ಬಾಟಲಿಯನ್ನು ಸಾಮಾನ್ಯವಾಗಿ ಚೀಟಿ ಕೊಟ್ಟು ಇರಿಸಿಕೊಂಡು ಪ್ರಯಾಣದ ಕೊನೆಯಲ್ಲಿ ಹಿಂದಿರುಗಿಸುತ್ತಾರೆ. ಭಾರತಕ್ಕೆ ಮರಳುವಾಗ ತಲೆಗೆ 2 ಲೀಟರ್ ಸುಂಕರಹಿತ, ಅಂದರೆ 750 ಮಿಲಿಯ ಮೂರನೆಯ ಬಾಟಲಿ ಮಿತಿಯನ್ನು 250 ಮಿಲಿ ಮೀರುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ಮಂಗಳೂರಿನಿಂದ ಬರುವ ಪ್ರಶ್ನೆಯ ಹಿಂದೆ ಅದು ಆಗಾಗ ಅಡಗಿರುತ್ತದೆ. ಮನೆಯಲ್ಲಿ ಮಾಡಿದ ವೈನ್ ಒಯ್ಯಬಹುದೇ? ಕ್ರಿಸ್ಮಸ್‌ಗೆ ಕುಸ್ವಾರಿನ ಜೊತೆ ಕೊಡಲೆಂದು ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ವಾರಗಟ್ಟಲೆ ಕಾದು ಸೋಸಿದ ಆ ವೈನಿನ ರುಚಿಯನ್ನು ನಾನು ಯಾವ ವಿದೇಶಿ ಬಾಟಲಿಗೂ ಬಿಟ್ಟುಕೊಡುವವನಲ್ಲ. ಆದರೆ ಅದನ್ನು ಹಡಗಿಗೆ ಬಿಡುವುದಿಲ್ಲ. ಬಾಟಲಿ ಕಾರ್ಖಾನೆಯ ಮುದ್ರೆ ಮತ್ತು ಲೇಬಲ್ಲಿನೊಂದಿಗೆ ತೆರೆಯದೆ ಇರಬೇಕು. ಒಳಗೆ ಏನಿದೆ, ಎಷ್ಟು ಆಲ್ಕೋಹಾಲ್ ಇದೆ ಎಂದು ಭದ್ರತೆಯವರು ತಿಳಿಯಲು ಬೇರೆ ದಾರಿಯಿಲ್ಲ.

ಮುದ್ರೆಗಿಂತ ದೊಡ್ಡ ಕಾರಣ ಹುದುಗುವಿಕೆ. ಮನೆಯ ವೈನಿನಲ್ಲಿ ಸಿಹಿ ಉಳಿದಿರುತ್ತದೆ, ಯೀಸ್ಟ್ ಕೂಡ ಪೂರ್ತಿ ಸತ್ತಿರುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿ ಲೀಟರಿಗೆ ಕೇವಲ 4 ಗ್ರಾಂ ಸಕ್ಕರೆ, ಅಂದರೆ ಒಂದು ಚಹಾ ಚಮಚೆಯಷ್ಟು, ಹುದುಗಿದರೆ ಹುಟ್ಟುವ ಅನಿಲ ಸುಮಾರು 1 ವಾಯುಭಾರದ ಒತ್ತಡ ತರುತ್ತದೆ. ಶಾಂಪೇನ್ ಮಾಡುವವರು ಇದನ್ನೇ ಅಳೆದು ಸುಮಾರು 24 ಗ್ರಾಂ ಸೇರಿಸಿ 6 ವಾಯುಭಾರ ಪಡೆಯುತ್ತಾರೆ, ಅದಕ್ಕೆಂದೇ ದಪ್ಪ ಗಾಜು ಮತ್ತು ತಂತಿ ಕಟ್ಟಿದ ಬಿರಡೆ. ನಮ್ಮ ಮನೆಗಳಲ್ಲಿ ಬಳಸುವುದು ಹಳೆಯ ತೆಳು ಬಾಟಲಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲೋ ಪೆಟ್ಟಿಗೆಯಲ್ಲೋ ಅದು ಒಡೆದರೆ ವೈನಿನ ಜೊತೆ ಬಟ್ಟೆಬರೆಯೂ ಹಾಳು.

ಆದ್ದರಿಂದ ಮಗಳು ಕೊಟ್ಟ ಬಾಟಲಿಗಳು ಅಂಗಡಿಯವೇ, ಮುದ್ರೆ ಒಡೆಯದವೇ ಎಂದು ನೋಡಿಕೊಳ್ಳಿ, ಟಿಕೆಟ್ ರಾಯಲ್ ಕೆರಿಬಿಯನ್ನಿನದ್ದಾದರೆ ಒಬ್ಬೊಬ್ಬರ ಕೈಚೀಲದಲ್ಲಿ ಒಂದೊಂದು ಇಡಿ. ಹಡಗು ಬಂದರು ಬಿಡುವ ಸಂಜೆ ಕ್ಯಾಬಿನ್ ನೋಡಿಕೊಳ್ಳುವವರನ್ನು ಎರಡು ಗ್ಲಾಸು ಮತ್ತು ಬಿರಡೆ ತೆಗೆಯುವ ಸಾಧನ ಕೇಳಿ. ನಮ್ಮೂರಿನ ಹುಡುಗರು ಆ ಕೆಲಸದಲ್ಲಿ ಬಹಳ ಇದ್ದಾರೆ, ತುಳುವಿನಲ್ಲಿ ಕೇಳಿದರೂ ತಂದುಕೊಟ್ಟಾರು.